ಏಣಿ ಗುರುತಿನ ಮನೆಯ ಬಟ್ಟೆ

ಲಾಂಡ್ರಿಯಮ್ಮನಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಇನ್ನೂರ ಹನ್ನೆರಡು ಮನೆಗಳನ್ನು ಅವಳು ತನ್ನದೇ ಅಕ್ಷರಗಳಲ್ಲಿ ಬರೆದಿಟ್ಟಿದ್ದಳು. ಹೊಸ ಗಿರಾಕಿ ಬಂದರೆ ಅವರ ಬಟ್ಟೆಯ ಮೂಲೆಯಲ್ಲಿ, ಅಂಗಿಯಾದರೆ ಕಾಲರಿನ ಒಳಗೆ, ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ ಒಂದು ಗುರುತು ಹಾಕುತ್ತಿದ್ದಳು. ಮೀನು, ಬಾಚಣಿಗೆ, ಅರ್ಧಚಂದ್ರ, ಎರಡು ಕಡ್ಡಿಯ ನಡುವೆ ಒಂದು ಚುಕ್ಕೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿದ ವರ್ಷಗಳೂ ಸೇರಿ ಮೂವತ್ತೊಂದು ವರ್ಷದಲ್ಲಿ ಒಂದು ಮನೆಯ ಕರ್ಚೀಫು ಇನ್ನೊಂದು ಮನೆಗೆ ಹೋದದ್ದಿಲ್ಲ. ಅವಳಿಗಿದ್ದ ಹೆಮ್ಮೆ ಅದೊಂದೇ. ಅದನ್ನೂ ಬಾಯಿಬಿಟ್ಟು ಹೇಳಿದವಳಲ್ಲ.

ಗುರುತಿನ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಬಟ್ಟೆ ಮಡಿಚುವಾಗ ಗುರುತಿನ ಮೂಲೆ ಇಸ್ತ್ರಿ ಮಾಡುವವರ ಕಡೆಗಿರಬೇಕು. ಕಟ್ಟೆಯ ಆಚೆ ನಿಂತ ಗಿರಾಕಿಗೆ ಕಾಣಬಾರದು. ಕೊನೆಯ ಮಡಿಕೆಯಲ್ಲಿ ಅದು ಒಳಗೆ ಹೋಗಿಬಿಡಬೇಕು. ಯಾಕೆಂದರೆ ಬಟ್ಟೆ ಸುಮ್ಮನಿರುವುದಿಲ್ಲ. ಯಾರ ಮನೆಯ ಮಗು ಇನ್ನೂ ಹಾಸಿಗೆ ಒದ್ದೆ ಮಾಡುತ್ತದೆ, ಯಾವ ಮುದುಕ ಕೆಮ್ಮಿದರೆ ರಕ್ತ ಬೀಳುತ್ತದೆ, ಯಾವ ಗಂಡಹೆಂಡಿರ ಹಾಸಿಗೆ ಬೇರೆಯಾಗಿದೆ, ಎಲ್ಲವನ್ನೂ ಅದು ಮೊದಲು ಹೇಳುವುದು ಒಗೆಯುವವರಿಗೆ. ಇಬ್ಬರು ಮಕ್ಕಳಿಗೂ ಅವಳು ಹೇಳಿಕೊಟ್ಟದ್ದು ಒಂದೇ ಮಾತು: ಕಂಡದ್ದನ್ನ ನೀರಿನ ಜೊತೆ ಮೋರಿಗೆ ಬಿಡಿ.

ಅಂಥವಳ ಅಂಗಡಿಯಿಂದಲೇ, ಅದೂ ಅವಳ ಮಗಳ ಬಾಯಿಂದಲೇ, ಒಂದು ಮನೆಯ ಮಾತು ಹೊರಗೆ ಬಿತ್ತು.

ಮಗಳು ಹುಟ್ಟಿದ್ದು ಬಟ್ಟೆಯ ಗಂಟುಗಳ ನಡುವೆ. ನಡೆಯಲು ಕಲಿತದ್ದು ಇಸ್ತ್ರಿ ಮೇಜಿನ ಕಾಲು ಹಿಡಿದುಕೊಂಡು. ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದರು; ಇಪ್ಪತ್ತೊಂಬತ್ತಾದರೂ ಆ ಹೆಸರು ಬಿಟ್ಟಿರಲಿಲ್ಲ. ಮದುವೆ ಮಾಡಿ ಕಳಿಸಿದ್ದರು. ಹನ್ನೊಂದು ತಿಂಗಳಿಗೆ ಒಂದು ಕೈಚೀಲ ಹಿಡಿದುಕೊಂಡು ವಾಪಸು ಬಂದಳು. ಹೊಡೆದರಾ ಎಂದು ಕೇಳಿದರೆ ಇಲ್ಲವೆಂದಳು. ಊಟಕ್ಕೆ ಕಡಿಮೆಯಾ ಎಂದರೆ ಅದೂ ಇಲ್ಲ. ಆ ಮನೆಯಲ್ಲಿ ಸೊಸೆ ನಗುವುದು ಅಡುಗೆಮನೆಯಿಂದ ಹಜಾರಕ್ಕೆ ಕೇಳಿಸಬಾರದಿತ್ತಂತೆ. "ನಗು ಬಂದಾಗೆಲ್ಲ ಸೆರಗೋ ಟವೆಲ್ಲೋ ಬಾಯಿಗೆ ತುರುಕ್ಕೊಂಡು ಸಾಕಾಯ್ತಮ್ಮ" ಎಂದಷ್ಟೇ ಹೇಳಿ ಇಸ್ತ್ರಿಪೆಟ್ಟಿಗೆ ಕೈಗೆ ತೆಗೆದುಕೊಂಡಳು. ಬೀದಿಯವರಿಗೆ ಈ ಕಾರಣ ಸಾಲಲಿಲ್ಲ. ದೊಡ್ಡ ಕಾರಣವೊಂದನ್ನು ಅವರೇ ಹುಡುಕಿಕೊಂಡರು.

ಫೋನನ್ನು ಗಂಜಿ ಡಬ್ಬಕ್ಕೆ ಒರಗಿಸಿ ಮೊದಲು ಮಾಡಿದ ವಿಡಿಯೊ ಅಂಗಿಯ ತೋಳಿಗೆ ಇಸ್ತ್ರಿ ಮಾಡುವುದು ಹೇಗೆಂದು. ಕೊನೆಯಲ್ಲಿ, ಇದನ್ನು ಗಂಡಸರೂ ಕಲಿಯಬಹುದು, ಕೈ ಸವೆಯುವುದಿಲ್ಲ ಎಂದಿದ್ದಳು. ತೋಳಿನ ಬಗ್ಗೆ ಯಾರೂ ಮಾತಾಡಲಿಲ್ಲ. ಗಂಡ ಬಿಟ್ಟವಳು, ತಲೆ ಬಗ್ಗಿಸದವಳು, ಹಲ್ಲು ತೋರಿಸುವವಳು ಎಂದು ಬಾಯಿಗೆ ಬಂದಂತೆ ಬರೆದರು. ಪುಟ್ಟಿ ಒಂದು ದಿನ ಆ ಬೈಗುಳಗಳನ್ನೇ ಸಾಲಾಗಿ ಇಟ್ಟುಕೊಂಡು, ಇಸ್ತ್ರಿ ಮಾಡುತ್ತ, ಹವಾಮಾನದ ವರದಿ ಓದುವ ದನಿಯಲ್ಲಿ ಓದತೊಡಗಿದಳು. ಒಂದು ಬೈಗುಳಕ್ಕೆ ಒಂದು ಬಟ್ಟೆ. ಓದಿ ಮುಗಿಸಿ, ಉತ್ತರ ಕೊಟ್ಟು, ಬಟ್ಟೆ ಮಡಿಚಿ ಪಕ್ಕಕ್ಕಿಟ್ಟು "ಮಡಿಚಿಟ್ಟೆ" ಎನ್ನುವಳು. 'ನೀನು ಸತ್ತರೆ ಹೆಣ ಹೊರೋಕೆ ನಾಲ್ಕು ಜನ ಸಿಗಲ್ಲ' ಎಂದು ಒಬ್ಬ ಬರೆದಿದ್ದ. "ಮೂವರು ಸಿಕ್ಕಿದ್ದಾರಣ್ಣ, ನಾಲ್ಕನೆಯವನಾಗಿ ನೀನೇ ಬಾ. ಅಂಗಿ ಮಾತ್ರ ಇಸ್ತ್ರಿ ಮಾಡಿಸ್ಕೊಂಡು ಬಾ. ಮಡಿಚಿಟ್ಟೆ." ಹೆಂಗಸಾದವಳು ಹೆಂಗಸಿನ ಹಾಗಿರಬೇಕು ಎಂದವನಿಗೆ, "ಇದ್ದೀನಲ್ಲ, ಇನ್ನು ಯಾರ ಹಾಗಿರ್ಬೇಕಿತ್ತು?"

ಆರು ತಿಂಗಳಲ್ಲಿ ಅವಳು ಇಸ್ತ್ರಿ ಅಕ್ಕ ಆದಳು. ಕಂಡರಿಯದ ಊರುಗಳ ಹೆಂಗಸರು ಅವಳಿಗೆ ಗುಟ್ಟು ಬರೆದು ಕಳಿಸುತ್ತಿದ್ದರು. ಪತ್ರಿಕೆಯೊಂದು ಅವಳನ್ನು ದಿಟ್ಟೆ ಎಂದಿತು, ಇನ್ನೊಂದು ಮನೆಮುರುಕಿ ಎಂದಿತು. ಬೀದಿಯ ಸಂಘದವರು ಎರಡು ಸಲ ಕರೆಸಿ ಬುದ್ಧಿ ಹೇಳಿದರು. ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಿದ್ದ ಅಣ್ಣ, ಗಿರಾಕಿಗಳು ಬಾಗಿಲಲ್ಲಿ ಆಡುವ ಕೊಂಕು ಮಾತುಗಳನ್ನೆಲ್ಲ ಹೊತ್ತುಕೊಂಡು ಬಂದು ತಂಗಿಯ ಮುಂದೆ ಸುರಿಯುತ್ತಿದ್ದ. ಅವಳು ಅವನ್ನೂ ಓದಿಬಿಡುತ್ತಾಳೆಂದು ಗೊತ್ತಾದ ಮೇಲೆ ತಾಯಿಯ ಮುಂದೆ ಸುರಿಯತೊಡಗಿದ.

ತಾಯಿ ವಿಡಿಯೊ ನೋಡುತ್ತಿರಲಿಲ್ಲ. ಪಕ್ಕದ ಮೇಜಿನಲ್ಲೇ ನಿಂತು ಕೇಳುತ್ತಿದ್ದಳು, ಅಷ್ಟೇ. ಮಗಳು ನಕ್ಕಾಗ ಅವಳಿಗೂ ಒಳಗೊಳಗೆ ನಗು ಬರುತ್ತಿತ್ತು, ಮರುಕ್ಷಣ ಭಯವಾಗುತ್ತಿತ್ತು. ಒಂದು ಸಂಜೆ ಯಾರೋ ಇಬ್ಬರು ಬೈಕಿನಲ್ಲಿ ಬಂದು ಅಂಗಡಿಯ ಗಾಜಿಗೆ ಕಲ್ಲು ಹೊಡೆದು ಹೋದರು. ಗಾಜಿನ ಚೂರುಗಳನ್ನು ಆರಿಸಿ ಮುಗಿಸಿ, ಅವಳು ಮಗಳನ್ನು ಮೊದಲ ಸಲ ಒಂದು ಮಾತು ಬೇಡಿಕೊಂಡಳು.

"ನಿಲ್ಲಿಸು ಅನ್ನಲ್ಲ ಪುಟ್ಟಿ. ಮುಖ ಒಂದು ತೋರಿಸ್ಬೇಡ. ಬರೀ ಕೈ ಕಾಣ್ಲಿ. ನನಗೋಸ್ಕರ."

ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವಳು ಅಮ್ಮನ ಮಾತಿಗೆ ತಲೆಯಾಡಿಸಿದಳು. ಗಂಜಿ ಡಬ್ಬದ ಹತ್ತಿರವಿದ್ದ ಫೋನನ್ನು ಬೆನ್ನ ಹಿಂದಿನ ಹಲಗೆಯ ಮೇಲಿಟ್ಟಳು. ಅಲ್ಲಿಂದ ಅದಕ್ಕೆ ಕಾಣುವುದು ಅವಳ ಭುಜ, ಎರಡು ಕೈ, ಮೇಜಿನ ಮೇಲಿನ ಬಟ್ಟೆ, ಇಷ್ಟೇ. ಗುರುತನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಅವಳ ಕೈಗೆ ಉಸಿರಾಟದಷ್ಟೇ ರೂಢಿ. ಫೋನು ಈಗ ತಾನಿರುವ ಕಡೆಯೇ ಇದೆ, ಗಿರಾಕಿಯಿಂದ ಮರೆಸಿದ್ದೆಲ್ಲ ಅದಕ್ಕೆ ಕಾಣುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅಮ್ಮನಿಗೂ ಹೊಳೆಯಲಿಲ್ಲ.

ಅವತ್ತಿನ ಬೈಗುಳ, 'ಒಳ್ಳೇ ಹೆಂಗಸರಿಗೆ ಒಳ್ಳೇ ಗಂಡಂದಿರು ಸಿಗ್ತಾರೆ' ಎಂಬುದು. ಪುಟ್ಟಿಯ ಕೈಯಲ್ಲಿ ಬಿಳಿಯ ದಿಂಬಿನ ಕವರಿತ್ತು. ಅವಳು ಯಾವಾಗಿನಂತೆ ತಮಾಷೆ ಮಾಡಲಿಲ್ಲ. ಇಸ್ತ್ರಿ ಓಡಿಸುತ್ತಲೇ ಹೇಳಿದಳು: "ಈ ಕವರು ಈ ವರ್ಷ ನಾಲ್ಕನೇ ಸಲ ರಕ್ತ ಮಾಡ್ಕೊಂಡು ಬಂದಿದೆ. ಮೂಗಿನ ರಕ್ತ. ತಣ್ಣೀರಲ್ಲಿ ನೆನೆಸಿ ಉಪ್ಪು ಹಾಕಿ ಉಜ್ಜಿದ್ರೆ ಹೋಗುತ್ತೆ. ಈ ದಿಂಬಿನ ಮೇಲೆ ಮಲಗೋಳು ಒಳ್ಳೇ ಹೆಂಗಸು. ನನ್ನ ಹಾಗೆ ಅವಳು ಜೋರಾಗಿ ನಕ್ಕಿದ್ದನ್ನ ಯಾರೂ ಕೇಳಿಲ್ಲ. ಮಡಿಚಿಟ್ಟೆ."

ಅಮ್ಮ ಗಕ್ಕನೆ ತಲೆಯೆತ್ತಿ ನೋಡಿದಳು. ಮಗಳು ಫೋನು ಆರಿಸಿದ ಮೇಲೆ, "ಕಂಡದ್ದನ್ನ ಆಡಬಾರದಿತ್ತು" ಎಂದಳು. ಹೆಸರು ಹೇಳಲಿಲ್ಲವಲ್ಲ ಎಂದಳು ಮಗಳು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಕವರಿನ ಮೂಲೆಯಲ್ಲಿ, ಎರಡು ಉದ್ದ ಗೆರೆ, ನಡುವೆ ಮೂರು ಅಡ್ಡ ಗೆರೆ, ಕಪ್ಪಗೆ ಸ್ಪಷ್ಟವಾಗಿ, ಏಣಿ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಏಣಿ ಗುರುತು ಔಷಧಿ ಅಂಗಡಿಯವರದು. ಮೂವತ್ತು ವರ್ಷ ಬಿಳಿ ಅಂಗಿ ತೊಟ್ಟು ಗಲ್ಲಾದ ಹಿಂದೆ ಬಗ್ಗಿ ಮಾತ್ರೆ ಹುಡುಕುವ ಆತನ ಕಾಲರಿನಲ್ಲಿ ಅದನ್ನು ಕಾಣದವರು ಯಾರು?

ಆತ ಕೆಟ್ಟವರೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ದನಿ ಎತ್ತಿ ಮಾತಾಡಿದವರಲ್ಲ. ಜ್ವರ ಬಂದ ಮಗುವನ್ನೆತ್ತಿಕೊಂಡು ಹೋದರೆ ಮೊದಲು ಮಗುವಿನ ಹೆಸರು ಕೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಲಾಂಡ್ರಿಯಮ್ಮನ ಮೊಣಕೈಗೆ ಬಿಸಿ ಹಬೆ ಬಡಿದಾಗ ಅಂಗಡಿ ಬಿಟ್ಟು ಬಂದು ತಾವೇ ಮುಲಾಮು ಹಚ್ಚಿದ್ದರು. ಆ ತಂಪು ಅವಳಿಗಿನ್ನೂ ನೆನಪಿತ್ತು. ದಿಂಬಿನ ಕವರಿನ ರಕ್ತವೂ ನೆನಪಿತ್ತು. ಎರಡನ್ನೂ ಒಂದೇ ಕೈಗೆ ಸೇರಿಸಿ ನೋಡಲು ಅವಳು ಅಂದಿನಿಂದ ಒಲ್ಲೆನೆಂದಿದ್ದಳು.

ಎರಡು ದಿನ ಕಳೆದು ಆತ ಅಂಗಡಿಗೆ ಬಂದರು. ಪುಟ್ಟಿ ಹಿಂದಿನ ಕೋಣೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಆತ ಕೂಗಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಅಂದು ಸುಟ್ಟ ಮೊಣಕೈ ಈಗ ಹೇಗಿದೆ ಎಂದು ಕೇಳಿದರು. ಹೆಂಡತಿಗೆ ಮೊದಲಿನಿಂದಲೂ ಮೂಗಿನಿಂದ ರಕ್ತ ಬರುವ ಕಾಯಿಲೆಯಿದೆ ಎಂದರು. ಅವಳು ಕೇಳದಿದ್ದರೂ ಇನ್ನೊಂದು ಸಲ ಹೇಳಿದರು. ಆಮೇಲೆ ಬಂದ ಕೆಲಸಕ್ಕೆ ಬಂದರು. ಶುಕ್ರವಾರ ಸಂಘದ ಸಭೆಯಿದೆ. ಅಂಗಡಿ ಸಂಘದ ಕಟ್ಟಡದ್ದು. ಅದನ್ನು ಬಿಡಿಸಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಎಲ್ಲವನ್ನೂ ಸರಿಮಾಡುವ ದಾರಿ ಒಂದೇ ಒಂದಿದೆ.

"ಗುರುತು ತಪ್ಪಾಗಿ ಬಿತ್ತು ಅಂದ್ಬಿಡಿ ಅಮ್ಮ. ಬೇರೆ ಯಾರದ್ದೋ ಕವರಿಗೆ ನಮ್ಮ ಗುರುತು ಹಾಕಿದ್ದೆ, ವಯಸ್ಸಾಯ್ತು, ಕಣ್ಣು ಮಂಜು ಅಂತ. ಇಷ್ಟೇ. ನಿಮ್ಮನ್ನ ಯಾರೂ ಏನೂ ಅನ್ನಲ್ಲ. ನಾನಿದ್ದೀನಿ."

ಹೋಗುವಾಗ, ಒಡೆದ ಗಾಜಿನ ಜಾಗದಲ್ಲಿ ಅಂಟಿಸಿದ್ದ ರಟ್ಟಿನ ಮೂಲೆ ಎದ್ದಿದ್ದನ್ನು ಕಂಡು, ಹೆಬ್ಬೆಟ್ಟಿನಿಂದ ಒತ್ತಿ ಕೂರಿಸಿ ಹೋದರು.

ಅಣ್ಣನಿಗೆ ಇದು ಮುಳುಗುವವನಿಗೆ ಸಿಕ್ಕ ಹಗ್ಗದ ಹಾಗೆ ಕಂಡಿತು. ಒಂದು ಮಾತಿಗೆ ಇಡೀ ಸಂಸಾರ ಉಳಿಯುತ್ತದೆ, ಪುಟ್ಟಿಯ ತಂಟೆಗೂ ಯಾರೂ ಬರುವುದಿಲ್ಲ ಎಂದ. ತಾಯಿಯೂ ಅದನ್ನೇ ಲೆಕ್ಕ ಹಾಕುತ್ತಿದ್ದಳು. ಮಗಳು ಸುಳ್ಳಿ ಅನ್ನಿಸಿಕೊಳ್ಳುತ್ತಾಳೆ, ನಿಜ. ಅದಕ್ಕಿಂತ ಹೆಚ್ಚಿನದನ್ನೆಲ್ಲ ಅನ್ನಿಸಿಕೊಂಡಾಗಿದೆ. ಹೇಗಿದ್ದರೂ ಅವಳ ಮೇಲೆ ಕೋಪವೂ ಇತ್ತು. ಒಂದು ಕಟ್ಟಳೆಯನ್ನು ಉಳಿಸಿಕೊಳ್ಳಲಾರದವಳು ಊರಿನ ಕಟ್ಟಳೆಗಳನ್ನು ಹೇಗೆ ಆಡಿಕೊಳ್ಳುತ್ತಾಳೆ?

ಪುಟ್ಟಿ ಆ ವಿಡಿಯೊ ಅಳಿಸಿಹಾಕಿದ್ದಳು. ಅಷ್ಟರಲ್ಲಿ ಅದು ನೂರು ಕಡೆ ಹರಿದು ಹೋಗಿತ್ತು. ಮೂರು ದಿನದಿಂದ ಅವಳು ಫೋನು ಮುಟ್ಟಿರಲಿಲ್ಲ. ಕೇಳಿದ್ದಕ್ಕೆ ಇಷ್ಟೇ ಹೇಳಿದಳು: "ಗುರುತು ಕಾಣಿಸಿದ್ದು ತಪ್ಪು ಅಮ್ಮ. ನನ್ನ ಕಾಲಲ್ಲಿರೋದನ್ನ ತಗೊಂಡು ಹೊಡಿ. ಆದ್ರೆ ಗುರುತೇ ಸುಳ್ಳು ಅಂತ ಹೇಳಬೇಕೋ ಬೇಡವೋ, ನನ್ನ ಕೇಳಬೇಡ. ಅದು ನಿನ್ನ ಕೈಯ ಗುರುತು."

ಗುರುವಾರ ಬೆಳಿಗ್ಗೆ, ಅಂಗಡಿ ತೆರೆದು ಇನ್ನೂ ಇಸ್ತ್ರಿ ಕಾಯ್ದಿರಲಿಲ್ಲ, ಔಷಧಿಯವರ ಹೆಂಡತಿ ಬಂದಳು. ಆ ಮನೆಯ ಗಂಟು ಯಾವಾಗಲೂ ವ್ಯಾನಿನಲ್ಲಿ ಬರುತ್ತಿತ್ತು. ಆಕೆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಗಿಡ್ಡನೆಯ ಹೆಂಗಸು. ಕಂಕುಳಲ್ಲಿ ಸಣ್ಣದೊಂದು ಬಟ್ಟೆಯ ಗಂಟು. ಲಾಂಡ್ರಿಯಮ್ಮ ಕುರ್ಚಿ ಎಳೆದು ಹಾಕಿದರೂ ಕೂರಲಿಲ್ಲ. ನೇರವಾಗಿ ಪುಟ್ಟಿಯ ಮುಂದೆ ಹೋಗಿ ನಿಂತಳು.

"ನನ್ನನ್ನ ಕೇಳಿದ್ಯಾ?"

ಪುಟ್ಟಿ ಹಿಂಡುತ್ತಿದ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತಳು.

"ಇಪ್ಪತ್ತೆರಡು ವರ್ಷ ಮುಚ್ಚಿಟ್ಕೊಂಡು ಬಂದಿದ್ದೆ. ಅದೇನು ಸುಲಭದ ಕೆಲಸ ಅಂದ್ಕೊಂಡ್ಯಾ? ಒಂದು ನಿಮಿಷದಲ್ಲಿ ಬಿಚ್ಚಿ ಬೀದಿಗೆ ಹಾಕ್ದೆ. ನನ್ನ ರಕ್ತ ತೋರಿಸಿ ನೀನು ಚಪ್ಪಾಳೆ ಹೊಡೆಸ್ಕೊಂಡೆ. ನಿನ್ನ ಬೈಯೋರಿಗೂ ನಿನಗೂ ನನ್ನ ವಿಷಯದಲ್ಲಿ ಏನು ವ್ಯತ್ಯಾಸ ಇದೆ ಹೇಳು."

ಸಾವಿರ ಜನರಿಗೆ ಉತ್ತರ ಕೊಟ್ಟವಳು ತಲೆ ಬಗ್ಗಿಸಿದಳು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಲೇ ಇತ್ತು. ತಪ್ಪಾಯಿತು ಅಕ್ಕ ಎಂದು ಅವಳು ಹೇಳಿದ್ದು ಪಕ್ಕದಲ್ಲಿದ್ದ ತಾಯಿಗೂ ಸರಿಯಾಗಿ ಕೇಳಿಸಲಿಲ್ಲ.

ಆಕೆ ಗಂಟನ್ನು ಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಗಂಡಸಿನ ಬಟ್ಟೆ ಒಂದೂ ಇರಲಿಲ್ಲ. ಎರಡು ಸೀರೆ, ಒಂದು ಶಾಲು, ಒಂದು ಹೊದಿಕೆ, ಒಂದೇ ಒಂದು ದಿಂಬಿನ ಕವರು.

"ಇವಕ್ಕೆ ಬೇರೆ ಗುರುತು ಹಾಕಿ ಅಮ್ಮ. ಇನ್ನು ಮೇಲೆ ಇವು ನಮ್ಮಣ್ಣನ ಮನೆಯಿಂದ ಬರ್ತವೆ."

ಲಾಂಡ್ರಿಯಮ್ಮ ಶಾಯಿಯ ಸೀಸೆ ತೆಗೆದಳು. ಯಾವ ಗುರುತು ಹಾಕಲಿ ಎಂದು ಕೇಳಿದಳು. ಗಿರಾಕಿಯನ್ನು ಅವಳು ಹಾಗೆ ಕೇಳಿದ್ದೇ ಇಲ್ಲ.

"ಒಂದು ಚುಕ್ಕೆ ಸಾಕು."

ಒಂಟಿ ಚುಕ್ಕೆಯನ್ನು ಅವಳು ಮೂವತ್ತೊಂದು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಕೈತಪ್ಪಿ ಬಿದ್ದ ಶಾಯಿಯ ಹನಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೂ ಆಗಲಿ ಎಂದಳು. ಹಳೆಯ ಏಣಿಯ ಪಕ್ಕದಲ್ಲಿ, ಉಸಿರು ಬಿಗಿಹಿಡಿದು, ದುಂಡಗೆ, ಅಳಿಸಲಾಗದಂತೆ ಒಂದೊಂದೇ ಚುಕ್ಕೆ ತುಂಬಿದಳು. ಆಕೆ ಅದು ಒಣಗುವ ತನಕ ನಿಂತಿದ್ದು, ಹೊರಡುವಾಗ ಬಾಗಿಲಲ್ಲಿ ತಿರುಗಿದಳು.

"ಅವರು ನಿಮ್ಮ ಹತ್ರ ಬಂದಿದ್ದು ಗೊತ್ತು. ನಾಳೆ ನೀವೇನು ಹೇಳ್ತೀರೋ ನಿಮಗೆ ಬಿಟ್ಟಿದ್ದು. ಆದ್ರೆ ಕವರು ಬೇರೆಯವರದ್ದು ಅಂತ ನೀವಂದ್ರೆ, ರಕ್ತವೂ ಬೇರೆಯವರದ್ದು ಅಂದ ಹಾಗೆ. ನಮ್ಮಣ್ಣನಿಗೆ ನಾನು ಹೇಳಿಯಾಗಿದೆ. ಅವನು ನನ್ನ ನಂಬಬೇಕೋ ನಿಮ್ಮ ನಂಬಬೇಕೋ?"

ಶುಕ್ರವಾರ ಸಂಘದ ವಾಚನಾಲಯದಲ್ಲಿ ಪತ್ರಿಕೆಗಳನ್ನೆಲ್ಲ ಒಂದು ಮೂಲೆಗೆ ತಳ್ಳಿ ಕುರ್ಚಿ ಹಾಕಿದ್ದರು. ಹೆಂಗಸರು ಹೊರಗಿನ ಪಡಸಾಲೆಯಲ್ಲಿ ನಿಂತಿದ್ದರು. ಲಾಂಡ್ರಿಯಮ್ಮನಿಗೆ ಒಳಗೆ ಕುರ್ಚಿ ಸಿಕ್ಕಿತು. ಅವಳ ಎದುರಿನ ಸಾಲಿನಲ್ಲಿ ಕೂತವರ ಅಂಗಿಗಳಿಗೆ ಆ ವಾರ ಅವಳೇ ಇಸ್ತ್ರಿ ಮಾಡಿದ್ದಳು. ಮೀನು, ಬಾಚಣಿಗೆ, ಅರ್ಧಚಂದ್ರ ಸಾಲಾಗಿ ಕೂತಿದ್ದವು. ಕೊನೆಯ ಕುರ್ಚಿಯಲ್ಲಿ ಏಣಿ. ಆತ ಅವಳನ್ನು ನೋಡಿ, ಧೈರ್ಯ ಹೇಳುವವರಂತೆ ಸಣ್ಣಗೆ ತಲೆಯಾಡಿಸಿದರು.

ಸಂಘದ ಅಧ್ಯಕ್ಷರು ಫೋನನ್ನು ಅವಳ ಮುಂದೆ ಹಿಡಿದರು. ಮಗಳ ವಿಡಿಯೊ ಅವಳು ನೋಡಿದ್ದು ಅದೇ ಮೊದಲು. ಮುಖವಿಲ್ಲ, ಎರಡು ಕೈಗಳು ಮಾತ್ರ. ಆ ಕೈಗಳು ಬಟ್ಟೆಯನ್ನು ತಿರುಗಿಸುವ ರೀತಿ, ಅಂಗೈಯಿಂದ ಒಮ್ಮೆ ಸವರುವ ರೀತಿ, ಎಲ್ಲ ತನ್ನದೇ. ಮುಖ ಬೇಡವೆಂದವಳು ತಾನು. ಫೋನು ಬೆನ್ನ ಹಿಂದೆ ಹೋದದ್ದು ತನ್ನ ಮಾತಿಗೆ.

ಗುರುತು ನಿಮ್ಮ ಕೈಯದೇ ಇರಬಹುದು, ಆದರೆ ತಪ್ಪಿ ಬಿದ್ದಿರಬಹುದಲ್ಲವೇ ಎಂದು ಅಧ್ಯಕ್ಷರು, ಉತ್ತರವನ್ನು ಅವಳ ಬಾಯಿಗೆ ಇಡುವವರಂತೆ ಕೇಳಿದರು.

"ಇಲ್ಲ" ಎಂದಳು ಲಾಂಡ್ರಿಯಮ್ಮ. ಅವಳು ಎದ್ದು ನಿಂತಳು. ಕೂತು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. "ಗುರುತು ಸರಿಯಾಗೇ ಬಿದ್ದಿದೆ. ನಾನು ಯಾವತ್ತೂ ತಪ್ಪು ಹಾಕಿಲ್ಲ, ನಿಮ್ಮ ನಿಮ್ಮ ಕಾಲರ್ ನೋಡ್ಕೊಳ್ಳಿ. ಅದು ಹೊರಗೆ ಕಾಣಿಸಿದ್ದು ಮಾತ್ರ ನಮ್ಮ ತಪ್ಪು. ಒಗೆಯೋರು ಹಾಗೆ ಮಾಡಬಾರದು. ಆ ತಪ್ಪಿಗೆ ಅಂಗಡಿ ಬಿಡ್ತೀನಿ. ನನ್ನ ಮಗಳು ಆಡಿದ ಮಾತಿಗಲ್ಲ."

ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹೊರಗೆ ಬರುವಾಗ ಪಡಸಾಲೆಯ ಹೆಂಗಸರು ದಾರಿ ಬಿಟ್ಟರು. ಯಾರೋ ಒಬ್ಬಳು, ಯಾರೆಂದು ಅವಳು ತಿರುಗಿ ನೋಡಲಿಲ್ಲ, ಅವಳ ಸುಟ್ಟ ಮೊಣಕೈಯನ್ನು ಒಮ್ಮೆ ಮುಟ್ಟಿ ಕೈ ಹಿಂದೆಗೆದುಕೊಂಡಳು.

ಪುಟ್ಟಿಯ ಅಣ್ಣ ಹದಿನೈದು ದಿನ ತಾಯಿಯ ಜೊತೆ ಮಾತು ಬಿಟ್ಟ. ಹದಿನಾರನೆಯ ದಿನ, ಎರಡು ಬೀದಿ ಆಚೆ ಹಳೆಯ ಗ್ಯಾರೇಜೊಂದು ಖಾಲಿಯಿದೆ, ನೀರಿನ ನಲ್ಲಿಯಿದೆ ಎಂದು ಗೋಡೆಗೆ ಹೇಳುವವನಂತೆ ಹೇಳಿದ. ಇಸ್ತ್ರಿ ಮೇಜುಗಳು ವ್ಯಾನಿನಲ್ಲಿ ಅಲ್ಲಿಗೆ ಹೋದವು. ಇನ್ನೂರ ಹನ್ನೆರಡು ಮನೆಗಳಲ್ಲಿ ಉಳಿದದ್ದು ನಲವತ್ತರೊಳಗೆ. ಔಷಧಿ ಅಂಗಡಿಯವರು ಎಂದಿನಂತೆ ಬಿಳಿ ಅಂಗಿ ತೊಟ್ಟು ಗಲ್ಲಾದಲ್ಲಿ ಕೂರುತ್ತಿದ್ದರು, ಮಕ್ಕಳ ಹೆಸರು ಕೇಳುತ್ತಿದ್ದರು. ಅಂಗಿ ಈಗ ಬೇರೆ ಕಡೆ ಒಗೆಸುತ್ತಿದ್ದರು. ಚುಕ್ಕೆ ಗುರುತಿನ ಬಟ್ಟೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಲಾಂಡ್ರಿಯಮ್ಮ ಅದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ದಿಂಬಿನ ಕವರನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿ, ಆಮೇಲೆ ನೀರಿಗೆ ಹಾಕುತ್ತಿದ್ದಳು. ಅದು ಏನನ್ನೂ ಹೇಳುತ್ತಿರಲಿಲ್ಲ.

ಪುಟ್ಟಿ ಎರಡು ತಿಂಗಳು ಫೋನನ್ನು ದೂರವಿಟ್ಟಳು. ಮತ್ತೆ ತೆಗೆದಾಗ ಬೈಗುಳಗಳು ಮೊದಲಿಗಿಂತ ಹೆಚ್ಚಾಗಿ ಕಾದು ಕೂತಿದ್ದವು. ಒಂದು ಮಧ್ಯಾಹ್ನ ಅವಳು ಹೊಸ ಹಲಗೆಯ ಮೇಲೆ, ತನ್ನ ಬೆನ್ನ ಹಿಂದೆ, ಫೋನಿಗೆ ಜಾಗ ಮಾಡುತ್ತಿದ್ದಳು. ತಾಯಿ ಬಂದು ಅದನ್ನೆತ್ತಿ, ಮೇಜಿನ ಆಚೆ, ಗಂಜಿ ಡಬ್ಬಕ್ಕೆ ಒರಗಿಸಿಟ್ಟಳು. ಮಗಳ ಮುಖ ಕಾಣುವ ಹಾಗೆ. ಗಿರಾಕಿಗಳ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ತಮ್ಮ ಮನೆಯದೇ ಒಂದು ರಾಶಿ ತಂದು ಹಾಕಿದಳು. ಅವುಗಳಲ್ಲಿ ಯಾವುದರ ಮೇಲೂ ಗುರುತಿರಲಿಲ್ಲ. ತಮ್ಮ ಬಟ್ಟೆಗೆ ಗುರುತು ಹಾಕಬೇಕೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಪುಟ್ಟಿ ಓದುತ್ತ ಹೋದಳು. ಮೊದಲನೆಯದು, ಎರಡನೆಯದು. ಮೂರನೆಯದಕ್ಕೆ ಬಂದು ನಿಂತಳು. ತಾಯಿಯ ಕಡೆಗೊಮ್ಮೆ ನೋಡಿ, ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಸರಿಸಲು ಹೋದಳು. ಲಾಂಡ್ರಿಯಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ಮಗಳ ಕೈ ಯಾಕೆ ತಡೆಯಿತೆಂದು ಗೊತ್ತಾಗದಿರುವಷ್ಟು ದಡ್ಡಿಯಲ್ಲ.

"ನನ್ನ ಮೇಲೆ ಬರೆದಿದ್ದಾರಾ?"

ಮಗಳು ಹೂಂಗುಟ್ಟಿದಳು.

"ಓದು."

ಪುಟ್ಟಿ ಓದಿದಳು. ಹವಾಮಾನದ ವರದಿಯ ದನಿ ಅರ್ಧದಲ್ಲೇ ಒಡೆಯಿತು, ಆದರೂ ಕೊನೆಯವರೆಗೆ ಓದಿದಳು. ಹೆಣ್ಣನ್ನು ಹೇಗೆ ಬೆಳೆಸಬೇಕೆಂದು ತಿಳಿಯದ ತಾಯಿಯ ಕೈಗಳ ಬಗ್ಗೆ ಅದರಲ್ಲಿ ಬರೆದಿತ್ತು. ಲಾಂಡ್ರಿಯಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮಗಳ ಮುಂದಿದ್ದ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅಂಗೈಯಿಂದ ಒಮ್ಮೆ ಸವರಿ, ಮೂಲೆಗೆ ಮೂಲೆ ಸೇರಿಸಿ, ಪಕ್ಕಕ್ಕಿಟ್ಟಳು.

"ಮಡಿಚಿಟ್ಟೆ" ಎಂದಳು.